ಮುಖದ ಸುಕ್ಕು, ಬಿಸಿಲ ಕಲೆಗೆ ಲೇಸರ್: ಕನ್ನಡಿಯಿಂದ ಶುರುಮಾಡಿ

ಲೇಸರ್ ರೀಸರ್ಫೇಸಿಂಗ್ ಅಂದರೆ ಮುಖಕ್ಕೆ ಪಾಲಿಶ್ ಹೊಡೆಯುವುದು ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ಹಳೇ ಮೇಜನ್ನು ಉಜ್ಜಿ ಹೊಳಪು ತರಿಸಿದ ಹಾಗೆ. ನಡೆಯುವುದು ಬೇರೆಯೇ. ಲೇಸರ್ ಮಾಡುವುದು ಗಾಯ, ಅಷ್ಟೆ. ಆಳ ನೋಡಿ, ಅಳತೆ ಇಟ್ಟು ಮಾಡಿದ ಗಾಯ. ಅದು ಮಾಯುವಾಗ ಚರ್ಮ ಮೇಲೆ ಹೊಸ ಪದರ ಕಟ್ಟುತ್ತದೆ, ಅಡಿಯಲ್ಲಿ ಹೊಸ ಕಾಲಜನ್, ಅಂದರೆ ಚರ್ಮಕ್ಕೆ ಬಿಗಿ ಕೊಡುವ ನಾರು, ನೇಯುತ್ತದೆ. ಸುಕ್ಕು ತಗ್ಗುವುದು ಈ ರಿಪೇರಿಯಿಂದ. ಯಂತ್ರದಿಂದ ನೇರವಾಗಿ ಅಲ್ಲ.

ಇದು ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ. "ಯಾವ ಲೇಸರ್ ಒಳ್ಳೇದು?" ಎಂದು ಕೇಳುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ನನ್ನ ಚರ್ಮ ಈ ಗಾಯವನ್ನು ಹೇಗೆ ಮಾಯಿಸುತ್ತದೆ? ಅದು ಮಾಯುವವರೆಗೆ ನಾನು ಎಷ್ಟು ದಿನ ಮನೆಯಲ್ಲಿ ಇರಬಲ್ಲೆ? ಯಂತ್ರದ ಹೆಸರು ಆಮೇಲೆ ಬರಲಿ.

ಈ ಬರಹ ಡಾಕ್ಟರ ಜಾಗ ತುಂಬುವುದಿಲ್ಲ. ಅವರ ಎದುರು ಕೂತಾಗ ಏನು ಕೇಳಬೇಕು, ಏನನ್ನು ಮುಚ್ಚಿಡಬಾರದು, ಮನೆಗೆ ಬಂದಮೇಲೆ ಏನು ಮಾಡಬೇಕು ಎಂದು ಮೊದಲೇ ಗೊತ್ತಿರಲಿ ಅಂತ ಬರೆದದ್ದು.

ಹಂತ 1: ಕಿಟಕಿ ಪಕ್ಕ ಕನ್ನಡಿ ಹಿಡಿದು ಕೂರಿ

ಮುಖ ತೊಳೆಯಿರಿ. ಏನೂ ಹಚ್ಚಬೇಡಿ. ಹಗಲಿನಲ್ಲಿ ಕಿಟಕಿ ಪಕ್ಕ ಕೂರಿ, ಬೆಳಕು ಒಂದು ಮಗ್ಗುಲಿಂದ ಬೀಳಲಿ. ಬೆಳಕು ನೇರ ಎದುರಿಗಿದ್ದರೆ ಗೆರೆಗಳ ನೆರಳೇ ಬೀಳುವುದಿಲ್ಲ, ಅರ್ಧ ಸುಕ್ಕು ಕಾಣುವುದೇ ಇಲ್ಲ. ಹಾಗೇ ಫೋನಿನಲ್ಲಿ ಮೂರು ಫೋಟೋ ತೆಗೆದಿಡಿ: ನೇರ, ಎಡ, ಬಲ. ಇವು ಮುಂದೆ ಬೇಕಾಗುತ್ತವೆ.

ಮೊದಲು ಮುಖ ಸಡಿಲ ಬಿಟ್ಟು ನೋಡಿ. ಆಮೇಲೆ ನಗಿ, ಹುಬ್ಬು ಗಂಟಿಕ್ಕಿ, ಹಣೆ ಏರಿಸಿ. ಸುಮ್ಮನಿದ್ದಾಗಲೂ ಕಾಣುವ ಸಣ್ಣ ಗೆರೆ, ಕೆನ್ನೆ ಮೇಲಿನ ಜಾಲ, ಮೇಲ್ದುಟಿಯ ಮೇಲಿನ ನೇರ ಗೆರೆಗಳು, ಕಣ್ಣಿನ ಸುತ್ತ ಕಾಗದ ಮುದುರಿದಂಥ ಚರ್ಮ, ಇವೆಲ್ಲ ಲೇಸರ್‌ಗೆ ಒಗ್ಗುತ್ತವೆ. ನಕ್ಕಾಗ ಮಾತ್ರ ಮೂಡಿ ಮಾಯವಾಗುವ ಗೆರೆ ಸ್ನಾಯುವಿನ ಕೆಲಸ. ಅದಕ್ಕೆ ಸ್ನಾಯು ಸಡಿಲಿಸುವ ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದು ಇದೆ. ಲೇಸರ್ ಅಲ್ಲಿ ವ್ಯರ್ಥ.

ಇನ್ನೊಂದು ಪರೀಕ್ಷೆ. ಕೈಗನ್ನಡಿ ಹಿಡಿದು ಅಂಗಾತ ಮಲಗಿ. ಮೂಗಿನ ಪಕ್ಕದಿಂದ ಬಾಯಿವರೆಗೆ ಇಳಿದ ಮಡಿಕೆ, ದವಡೆಯ ಜೋಲು, ಮಲಗಿದ ತಕ್ಷಣ ಅರ್ಧಕ್ಕರ್ಧ ಕರಗಿತಾ? ಹಾಗಾದರೆ ಅದು ಸುಕ್ಕಲ್ಲ, ಜೋತುಬಿದ್ದಿರುವುದು. ಲೇಸರ್ ಚರ್ಮವನ್ನು ಸ್ವಲ್ಪ ಬಿಗಿ ಮಾಡುತ್ತದೆ ನಿಜ, ಆದರೆ ಜೋತದ್ದನ್ನು ಎತ್ತಿ ಕಟ್ಟುವುದಿಲ್ಲ. ಲೇಸರ್ ಮಾಡಿಸಿ ಬೇಜಾರಾದವರಲ್ಲಿ ಬಹಳ ಮಂದಿಯ ಕಥೆ ಇದೇ. ಚಿಕಿತ್ಸೆಯಲ್ಲಿ ತಪ್ಪಿರಲಿಲ್ಲ, ಅವರ ತೊಂದರೆಗೆ ಅದು ಚಿಕಿತ್ಸೆಯೇ ಆಗಿರಲಿಲ್ಲ.

ಈಗ ತೋಳನ್ನು ಮೇಲೆತ್ತಿ ಒಳಮಗ್ಗುಲು ನೋಡಿ. ಕಂಕುಳಿನಿಂದ ಮೊಣಕೈವರೆಗಿನ ಆ ಚರ್ಮಕ್ಕೂ ಮುಖದ ಚರ್ಮಕ್ಕೂ ವಯಸ್ಸು ಒಂದೇ. ಅದು ನಯವಾಗಿ, ಒಂದೇ ಬಣ್ಣದಲ್ಲಿ ಇರುತ್ತದೆ. ಎರಡರ ನಡುವಿನ ವ್ಯತ್ಯಾಸದಲ್ಲಿ ಬಹುಪಾಲು ಬಿಸಿಲು ಮಾಡಿದ್ದು. 2012ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 69 ವರ್ಷದ ಅಮೆರಿಕನ್ ಟ್ರಕ್ ಚಾಲಕರೊಬ್ಬರ ಫೋಟೋ ಬಂದಿತ್ತು. 28 ವರ್ಷ ಗಾಡಿ ಓಡಿಸಿದವರು. ಕಿಟಕಿ ಕಡೆಗಿದ್ದ ಎಡಗೆನ್ನೆ ದಪ್ಪವಾಗಿ, ಆಳ ಸುಕ್ಕುಗಟ್ಟಿತ್ತು. ಬಲಗೆನ್ನೆ ಎಷ್ಟೋ ವರ್ಷ ಚಿಕ್ಕವರದ್ದು ಅನ್ನುವ ಹಾಗಿತ್ತು. ಕಿಟಕಿ ಗಾಜು ಬಿಸಿಲಿನಲ್ಲಿರುವ ಯುವಿಬಿ ಎಂಬ ನೇರಳಾತೀತ ಕಿರಣವನ್ನು ಬಹುಪಾಲು ತಡೆಯುತ್ತದೆ. ಕಾಲಜನ್ ಹಾಳುಮಾಡುವ ಯುವಿಎ ಅದರೊಳಗೆ ನುಸುಳಿ ಬರುತ್ತದೆ. ಈ ಮಾತು ಕೊನೆಯ ಹಂತದಲ್ಲಿ ಮತ್ತೆ ಬರುತ್ತದೆ.

ಹಂತ 2: ಕಲೆ ಯಾವುದು ಎಂದು ಗೊತ್ತಾಗುವ ತನಕ ಯಾರೂ ಮುಟ್ಟಬಾರದು

ಮುಖದ ಮೇಲಿನ ಎಲ್ಲ ಕಂದು ಗುರುತೂ ಬಿಸಿಲ ಕಲೆ ಅಲ್ಲ. ಬಿಸಿಲ ಕಲೆಗೆ ಅಂಚು ಸ್ಪಷ್ಟ. ಕೆನ್ನೆ, ಹಣೆಯ ಮೇಲೆ ಚದುರಿದ ಚುಕ್ಕೆಗಳು. ಬಂಗು ಹಾಗಲ್ಲ. ಅದು ಎರಡೂ ಕೆನ್ನೆಯ ಮೇಲೆ ಜೋಡಿಯಾಗಿ, ಮಬ್ಬು ಅಂಚಿನ ಮೋಡದ ಹಾಗೆ ಹರಡಿರುತ್ತದೆ. ಬಿಸಿಲ ಕಲೆ ಲೇಸರ್‌ಗೆ ಬಗ್ಗುತ್ತದೆ. ಬಂಗು ಶಾಖ ತಗಲಿದರೆ ಕೆರಳುತ್ತದೆ. ಮೊದಲು ತಿಳಿಯಾದಂತೆ ಕಂಡು, ಕೆಲವು ವಾರದಲ್ಲಿ ಇನ್ನೂ ಕಪ್ಪಾಗಿ ವಾಪಸ್ ಬರಬಹುದು. ಬಂಗು ಇರುವವರಿಗೆ ಬಿಸಿಲಿನಿಂದ ರಕ್ಷಣೆ ಮತ್ತು ಹಚ್ಚುವ ಔಷಧ ಮೊದಲು. ಲೇಸರ್ ಕಟ್ಟಕಡೆಗೆ.

ಬಿಸಿಲು ತಿಂದ ಚರ್ಮದಲ್ಲಿ ಇನ್ನೊಂದು ಗುರುತು ಇರುತ್ತದೆ. ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತದೆ. ಹಣೆ ಮೇಲೋ ಮೂಗಿನ ಮೇಲೋ ಬೆರಳಾಡಿಸಿದರೆ ಒಂದು ಕಡೆ ಉಪ್ಪುಕಾಗದದ ಹಾಗೆ ತರಿತರಿ. ಇದು ಆಕ್ಟಿನಿಕ್ ಕೆರಟೋಸಿಸ್. ಮುಂದೆ ಕ್ಯಾನ್ಸರ್ ಆಗುವ ಸಾಧ್ಯತೆ ಇರುವ ಬದಲಾವಣೆ. ಬಿಳಿ ಚರ್ಮದವರಲ್ಲಿ ಜಾಸ್ತಿ.

ಇಷ್ಟರ ಮೇಲೆ, ಆಕಾರ ಬದಲಾಗುತ್ತಿರುವ ಮಚ್ಚೆ, ಒಂದೇ ಕಲೆಯಲ್ಲಿ ಎರಡು ಮೂರು ಬಣ್ಣ, ವಾರಗಟ್ಟಲೆ ಮಾಯದ ಹುಣ್ಣು, ಸುಮ್ಮಸುಮ್ಮನೆ ರಕ್ತ ಜಿನುಗುವ ಗುಳ್ಳೆ ಕಂಡರೆ ಮೊದಲು ಡರ್ಮೋಸ್ಕೋಪ್ ಎಂಬ ಭೂತಗನ್ನಡಿಯಲ್ಲಿ ನೋಡಿಸಬೇಕು. ಅಗತ್ಯ ಬಿದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಕೆಲವೊಮ್ಮೆ ನಿರಪಾಯ ಕಲೆಯ ಹಾಗೇ ಕಾಣುತ್ತದೆ. ಅದರ ಮೇಲೆ ಲೇಸರ್ ಹಾಕಿದರೆ ಮೇಲಿನ ಬಣ್ಣ ಮಾತ್ರ ಹೋಗುತ್ತದೆ, ಬೇರು ಒಳಗೇ ಉಳಿಯುತ್ತದೆ. ಯಾವ ಕಲೆಯನ್ನೂ ಹತ್ತಿರದಿಂದ ನೋಡದೆ "ಇವತ್ತೇ ಮಾಡಿಬಿಡೋಣ" ಅನ್ನುವ ಜಾಗದಿಂದ ಎದ್ದು ಬರುವುದೇ ಒಳ್ಳೆಯದು.

ಹಂತ 3: ಲೇಸರ್‌ಗಳ ಜಾತಿ ತಿಳಿದುಕೊಳ್ಳಿ

ಹೆಸರುಗಳು ನೂರಾರು. ಒಳಗಿರುವ ಬೆಳಕು ನಾಲ್ಕೈದು ಬಗೆ, ಅಷ್ಟೆ.

ಮೊದಲ ಲೇಸರ್ ಬೆಳಗಿದ್ದು 1960ರಲ್ಲಿ, ಥಿಯೊಡೋರ್ ಮೈಮನ್ ಕೈಯಲ್ಲಿ. ನಾಲ್ಕು ವರ್ಷಕ್ಕೆ ಬೆಲ್ ಲ್ಯಾಬ್ಸ್‌ನಲ್ಲಿ ಕುಮಾರ್ ಪಟೇಲ್ ಕಾರ್ಬನ್ ಡೈಆಕ್ಸೈಡ್ ಲೇಸರ್ ಕಂಡುಹಿಡಿದರು. ಸುಕ್ಕಿಗೆ ಇವತ್ತಿಗೂ ಅತಿ ಗಟ್ಟಿ ಆಯುಧ ಅದೇ. ಅದರ ಅಲೆಯ ಉದ್ದ 10,600 ನ್ಯಾನೋಮೀಟರ್. ಈ ಅಲೆಯನ್ನು ನೀರು ಚೆನ್ನಾಗಿ ಹೀರುತ್ತದೆ, ಚರ್ಮದ ಜೀವಕೋಶದಲ್ಲಿ ಇರುವುದು ಬಹುಪಾಲು ನೀರೇ. ಬೆಳಕು ಬಿದ್ದ ಕ್ಷಣದಲ್ಲಿ ನೀರು ಆವಿಯಾಗುತ್ತದೆ, ಅದರೊಂದಿಗೆ ಪದರವೂ ಹಾರಿಹೋಗುತ್ತದೆ. ಸ್ವಲ್ಪ ಶಾಖ ಕೆಳಗೂ ಇಳಿಯುತ್ತದೆ. ಆ ಶಾಖದಿಂದ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ, ಕಾಲಜನ್ ಕುಗ್ಗುತ್ತದೆ. ಚರ್ಮ ಬಿಗಿಯಾಗುವುದು ಅದರಿಂದಲೇ, ಕೆಂಪು ಬಹಳ ದಿನ ಉಳಿಯುವುದೂ ಅದರಿಂದಲೇ.

ಎರ್ಬಿಯಂ ಯಾಗ್ ಲೇಸರಿನ ಅಲೆ 2,940 ನ್ಯಾನೋಮೀಟರ್. ನೀರು ಇದನ್ನು ಕಾರ್ಬನ್ ಡೈಆಕ್ಸೈಡ್ ಅಲೆಗಿಂತ ಹತ್ತು ಪಟ್ಟಿಗೂ ಜಾಸ್ತಿ ಹೀರುತ್ತದೆ. ಹಾಗಾಗಿ ತೆಳುವಾಗಿ, ಚೊಕ್ಕವಾಗಿ ಪದರ ತೆಗೆಯುತ್ತದೆ. ಶಾಖ ಕೆಳಗೆ ಅಷ್ಟು ಇಳಿಯುವುದಿಲ್ಲ. ಬೇಗ ಮಾಯುತ್ತದೆ, ಬಣ್ಣದ ತೊಂದರೆಯೂ ಕಡಿಮೆ. ಆದರೆ ಬಿಗಿತ ಕೂಡ ಕಡಿಮೆ. ರಕ್ತನಾಳ ಮುಚ್ಚದ ಕಾರಣ ಚುಕ್ಕೆ ಚುಕ್ಕೆ ರಕ್ತ ಜಿನುಗುವುದು ಸಹಜ.

ಹೀಗೆ ಪದರ ತೆಗೆಯುವ ಲೇಸರ್‌ಗಳಿಗೆ ಅಬ್ಲೇಟಿವ್ ಎನ್ನುತ್ತಾರೆ. ಮೊದಲು ಇವನ್ನು ಇಡೀ ಮುಖದ ಮೇಲೆ ಒಂದಿಷ್ಟೂ ಬಿಡದೆ ಹಾಯಿಸುತ್ತಿದ್ದರು. 2004ರಲ್ಲಿ ಫ್ರ್ಯಾಕ್ಷನಲ್ ಎಂಬ ಉಪಾಯ ಬಂತು. ಕೂದಲೆಳೆಯಷ್ಟು ಅಗಲದ ಸಾವಿರಾರು ಕಂಬಗಳ ಹಾಗೆ ಬೆಳಕನ್ನು ಇಳಿಸುವುದು, ಕಂಬದಿಂದ ಕಂಬಕ್ಕೆ ನಡುವೆ ಚರ್ಮವನ್ನು ಮುಟ್ಟದೆ ಬಿಡುವುದು. ಪೈರು ನಾಟಿದ ಗದ್ದೆಯನ್ನು ಮೇಲಿಂದ ನೋಡಿದ ಹಾಗೆ: ಬುಡ ಬುಡದ ನಡುವೆ ಜಾಗ. ಆ ಬಿಟ್ಟ ಜಾಗದ ಜೀವಕೋಶಗಳು ಪಕ್ಕದ ತೂತನ್ನು ಬೇಗ ತುಂಬುತ್ತವೆ. ಒಂದೇ ಸಲಕ್ಕೆ ಸಿಗುವ ಫಲ ಕಡಿಮೆ, ಆದರೆ ಅಪಾಯ ಅದಕ್ಕಿಂತ ಕಡಿಮೆ. ಈಗ ಬಹುತೇಕರು ಮಾಡಿಸುವುದು ಇದನ್ನೇ.

ಮೂರನೆಯದು ನಾನ್ ಅಬ್ಲೇಟಿವ್. ಮೇಲ್ಪದರ ಹಾಗೇ ಇರುತ್ತದೆ, ಒಳಗೆ ಮಾತ್ರ ಶಾಖ. 1,550 ನ್ಯಾನೋಮೀಟರಿನ ಅಲೆ ಆಳಕ್ಕೆ ಇಳಿದು ಸಣ್ಣ ಗೆರೆಗೆ ಕೆಲಸ ಮಾಡುತ್ತದೆ. 1,927ರ ಥೂಲಿಯಂ ಮೇಲುಮೇಲೆ ಇದ್ದು ಬಿಸಿಲ ಕಲೆ, ಮಂಕು ಬಣ್ಣಕ್ಕೆ ಆಗಿಬರುತ್ತದೆ. ಸಾಮಾನ್ಯವಾಗಿ ತಿಂಗಳಿಗೊಂದರಂತೆ ಮೂರರಿಂದ ಆರು ಸಲ ಮಾಡಿಸಬೇಕು.

ಅಂದ ಹಾಗೆ, ಐಪಿಎಲ್ (ಇಂಟೆನ್ಸ್ ಪಲ್ಸ್ಡ್ ಲೈಟ್) ಲೇಸರ್ ಅಲ್ಲ. ಅದು ಹಲವು ಅಲೆಗಳು ಬೆರೆತ ಮಿಂಚುಬೆಳಕು. ಬಿಳಿ ಚರ್ಮದ ಮೇಲಿನ ಕಂದು ಚುಕ್ಕೆ, ಕೆಂಪು ನಾಳಕ್ಕೆ ಸರಿ. ಸುಕ್ಕಿಗೆ ಅಷ್ಟಕ್ಕಷ್ಟೆ. ಕಂದು ಚರ್ಮದವರು ಇದರಿಂದ ಸುಟ್ಟುಕೊಳ್ಳುವ ಅಪಾಯ ಜಾಸ್ತಿ.

ಹಾಗಾದರೆ ಆಯ್ಕೆ ಹೇಗೆ? ನನ್ನ ಮಟ್ಟಿಗೆ ಲೆಕ್ಕ ಸರಳ. ಕಲೆ, ಮಂಕು, ತೀರಾ ಸಣ್ಣ ಗೆರೆ ಮಾತ್ರ ಇದ್ದರೆ ನಾನ್ ಅಬ್ಲೇಟಿವ್. ಸುಮ್ಮನಿದ್ದಾಗಲೂ ಕಾಣುವ ಮಧ್ಯಮ ಸುಕ್ಕಿಗೆ ಅಬ್ಲೇಟಿವ್ ಫ್ರ್ಯಾಕ್ಷನಲ್. ಬಾಯಿ ಸುತ್ತ ಆಳ ಗೆರೆ ಇದ್ದು, ಬಣ್ಣ ತೀರಾ ಬಿಳಿ ಇದ್ದು, ತಿಂಗಳುಗಟ್ಟಲೆ ಕೆಂಪು ಮುಖ ಸಹಿಸಲು ತಯಾರಿದ್ದರೆ ಮಾತ್ರ ಪೂರ್ತಿ ಕಾರ್ಬನ್ ಡೈಆಕ್ಸೈಡ್.

ಹಂತ 4: ನಿಮ್ಮ ಚರ್ಮದ ಬಣ್ಣ ಇಲ್ಲಿ ದೊಡ್ಡ ವಿಷಯ

ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಎಂಬ ವೈದ್ಯರು 1975ರಲ್ಲಿ ಒಂದು ಅಳತೆ ಮಾಡಿದರು. ಬಿಸಿಲಿಗೆ ಹೋದರೆ ಯಾವಾಗಲೂ ಸುಡುವ, ಎಂದೂ ಕಪ್ಪಾಗದ ಚರ್ಮ 1ನೇ ಬಗೆ. ಎಂದೂ ಸುಡದ ಗಾಢ ಕಪ್ಪು, ಆಮೇಲೆ ಸೇರಿಸಿದ 6ನೇ ಬಗೆ. ನೋಡಲು ಯಾವ ಬಣ್ಣ ಎನ್ನುವುದಕ್ಕಿಂತ ಬಿಸಿಲಿಗೆ ಹೇಗೆ ಸ್ಪಂದಿಸುತ್ತದೆ ಎನ್ನುವುದು ಇಲ್ಲಿ ಮುಖ್ಯ.

4ರಿಂದ 6ನೇ ಬಗೆಯ ಚರ್ಮದಲ್ಲಿ ಬಣ್ಣ ತಯಾರಿಸುವ ಜೀವಕೋಶಗಳು ಬಹಳ ಚುರುಕು. ಗಾಯವಾದರೆ ಸಾಕು, ಬಣ್ಣ ಸುರಿದುಬಿಡುತ್ತವೆ. ಸೊಳ್ಳೆ ಕಚ್ಚಿದ ಜಾಗ, ಒಡೆದ ಮೊಡವೆ ತಿಂಗಳುಗಟ್ಟಲೆ ಕಪ್ಪು ಗುರುತಾಗಿ ಉಳಿಯುತ್ತದಾ? ಲೇಸರ್ ಗಾಯಕ್ಕೂ ನಿಮ್ಮ ಚರ್ಮ ಹಾಗೇ ಮಾಡುವ ಸಾಧ್ಯತೆ ಜಾಸ್ತಿ. ಇದನ್ನು ಡಾಕ್ಟರಿಗೆ ಹೇಳಲೇಬೇಕು. ಅವರು ಕೇಳದಿದ್ದರೂ ಹೇಳಿ.

ಕಂದು ಚರ್ಮಕ್ಕೆ ಲೇಸರ್ ಆಗುವುದೇ ಇಲ್ಲ ಎಂದಲ್ಲ. ನಾನ್ ಅಬ್ಲೇಟಿವ್ ಫ್ರ್ಯಾಕ್ಷನಲ್ ಒಳ್ಳೆಯ ಆಯ್ಕೆ. ಕಂಬಗಳು ವಿರಳವಾಗಿರಬೇಕು, ಸಲಕ್ಕೂ ಸಲಕ್ಕೂ ಅಂತರ ಜಾಸ್ತಿ ಇರಬೇಕು. ಕಿವಿಯ ಮುಂದೆ ಒಂದು ಕಾಸಗಲ ಜಾಗದಲ್ಲಿ ಪರೀಕ್ಷೆ ಮಾಡಿಸಿ ಕನಿಷ್ಠ ನಾಲ್ಕು ವಾರ ಕಾದು ನೋಡಿ. ಕಪ್ಪಾಗುವುದು ಮಾರನೇ ದಿನ ಕಾಣುವುದಿಲ್ಲ. ಮೂರ್ನಾಲ್ಕು ವಾರಕ್ಕೆ, ಎಲ್ಲ ಸರಿಹೋಯಿತು ಅಂದುಕೊಂಡ ಹೊತ್ತಿಗೆ ಬರುತ್ತದೆ.

ಹಂತ 5: ಡಾಕ್ಟರ ಎದುರು

ಚರ್ಮರೋಗ ತಜ್ಞರು ಅಥವಾ ಪ್ಲಾಸ್ಟಿಕ್ ಸರ್ಜನ್ ಬಳಿ ಹೋಗಿ. ಬ್ಯೂಟಿ ಪಾರ್ಲರಿನ ಲೇಸರ್ ಬೇಡ. ಹೇಳಬೇಕಾದ್ದು ಇಷ್ಟು:

- ತುಟಿ ಮೇಲೆ ನೀರುಗುಳ್ಳೆ ಯಾವತ್ತಾದರೂ ಬಂದಿದೆಯಾ. ಆ ಹರ್ಪಿಸ್ ವೈರಸ್ ನರದಲ್ಲಿ ಮಲಗಿರುತ್ತದೆ. ಲೇಸರ್ ಅದನ್ನು ಎಬ್ಬಿಸಿದರೆ ಹಸಿ ಮುಖದ ತುಂಬ ಹರಡಿ ಗುರುತು ಬೀಳಬಹುದು. ಅಬ್ಲೇಟಿವ್ ಮಾಡುವಾಗ ಬಂದ ನೆನಪು ಇಲ್ಲದವರಿಗೂ ವೈರಸ್ ತಡೆಯುವ ಮಾತ್ರೆ ಕೊಡುವುದು ವಾಡಿಕೆ.
- ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತಿಂದಿದ್ದೀರಾ, ಕೊನೆಯದು ಯಾವಾಗ. ಹಿಂದೆ ಎಲ್ಲ ಲೇಸರ್‌ಗೂ ಆರು ತಿಂಗಳು ಕಾಯಿಸುತ್ತಿದ್ದರು. 2017ರ ಹೊತ್ತಿಗೆ ತಜ್ಞರು ಫ್ರ್ಯಾಕ್ಷನಲ್ ಲೇಸರ್‌ಗೆ ಅಷ್ಟು ಕಾಯಿಸಲು ಸಾಕಷ್ಟು ಆಧಾರವಿಲ್ಲ ಎಂದರು. ಇಡೀ ಮುಖದ ಪೂರ್ತಿ ಅಬ್ಲೇಟಿವ್‌ಗೆ ಮಾತ್ರ ಎಚ್ಚರಿಕೆ ಹಾಗೇ ಇದೆ.
- ಗಾಯದ ಗುರುತು ಉಬ್ಬಿ ಬೆಳೆಯುವ ಸ್ವಭಾವ ಇದೆಯಾ.
- ಮುಖಕ್ಕೆ ಹಿಂದೆ ರೇಡಿಯೇಷನ್ ಆಗಿದೆಯಾ. ತೊನ್ನು, ಸೋರಿಯಾಸಿಸ್, ಲೂಪಸ್ ಥರದ್ದು ಏನಾದರೂ ಇದೆಯಾ.
- ಗರ್ಭಿಣಿಯಾ, ಹಾಲುಣಿಸುತ್ತಿದ್ದೀರಾ. ಹಾಗಿದ್ದರೆ ಮುಂದೂಡಿ. ಇದು ಅವಸರದ ಕೆಲಸ ಅಲ್ಲ.
- ರಕ್ತ ತೆಳು ಮಾಡುವ ಮಾತ್ರೆ. ಹೇಳಿ, ಆದರೆ ನೀವಾಗಿ ನಿಲ್ಲಿಸಬೇಡಿ.

ರೇಡಿಯೇಷನ್ ಪ್ರಶ್ನೆಯ ಹಿಂದೆ ಒಂದು ಸೊಗಸಾದ ಕಾರಣ ಇದೆ. ಮೇಲ್ಪದರ ಪೂರ್ತಿ ಹೋದಮೇಲೆ ಹೊಸ ಚರ್ಮ ಎಲ್ಲಿಂದ ಬರುತ್ತದೆ? ರೋಮದ ಬುಡದಿಂದ, ಎಣ್ಣೆಗ್ರಂಥಿಯಿಂದ. ಅಲ್ಲಿ ಉಳಿದ ಜೀವಕೋಶಗಳು ಮೇಲೆ ಬಂದು ಹರಡಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಮುಖದಲ್ಲಿ ಇಂಥ ಬುಡಗಳು ಒತ್ತೊತ್ತಾಗಿವೆ, ಅದಕ್ಕೇ ಮುಖ ಬೇಗ ಮಾಯುತ್ತದೆ. ಕತ್ತಿನಲ್ಲಿ ಅವು ಬಹಳ ವಿರಳ. ಮುಖಕ್ಕೆ ಹಾಕಿದ ಶಕ್ತಿಯನ್ನೇ ಕತ್ತಿಗೂ ಹಾಕಿದರೆ ಗುರುತು ಬೀಳಬಹುದು. ರೇಡಿಯೇಷನ್ ಆದ ಚರ್ಮದಲ್ಲಿ ಈ ಬುಡಗಳೇ ಸತ್ತಿರಬಹುದು.

ಇನ್ನು ನೀವು ಕೇಳಬೇಕಾದ್ದು. ಯಾವ ಅಲೆ, ಅಬ್ಲೇಟಿವ್ ಹೌದೋ ಅಲ್ಲವೋ? ನನ್ನ ಬಣ್ಣದ ಚರ್ಮಕ್ಕೆ ನೀವು ಮಾಡಿದ ಫೋಟೋ ಇದೆಯಾ, ಮಾಡಿ ಆರು ತಿಂಗಳಾದ ಮೇಲಿನದ್ದು? ಯಂತ್ರ ಹಿಡಿಯುವವರು ಯಾರು, ನೀವೋ ಸಹಾಯಕರೋ? ರಾತ್ರಿ ಹತ್ತಕ್ಕೆ ಮುಖ ಊದಿಕೊಂಡರೆ ಯಾರಿಗೆ ಫೋನ್ ಮಾಡಬೇಕು? ಕೊನೆ ಪ್ರಶ್ನೆಗೆ ತಡವರಿಸಿದರೆ ಇನ್ನೊಬ್ಬರನ್ನು ನೋಡಿ. ಗಾಯ ಮಾಡಲು ಗೊತ್ತಿದ್ದರೆ ಸಾಲದು, ಅದನ್ನು ಮಾಯಿಸುವವರೂ ಅವರೇ ಆಗಿರಬೇಕು, ಅಲ್ವಾ.

ಹಂತ 6: ನಾಲ್ಕು ವಾರ ಮುಂಚಿನ ತಯಾರಿ

ಬಿಸಿಲಿಗೆ ಕಪ್ಪಾದ ಮುಖಕ್ಕೆ ಲೇಸರ್ ಬೇಡ. ಕನಿಷ್ಠ ನಾಲ್ಕು ವಾರ ಬಿಸಿಲು ತಪ್ಪಿಸಿ, ದಿನಾ ಎಸ್‌ಪಿಎಫ್ 30 ಅಥವಾ ಮೇಲಿನ ಸನ್‌ಸ್ಕ್ರೀನ್ ಹಚ್ಚಿ. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎಳೆದ ಎರಡು ಗೆರೆಯಷ್ಟು ಮುಖ ಕತ್ತಿಗೆ ಬೇಕು. ಬಹಳ ಜನ ಹಚ್ಚುವುದು ಅದಕ್ಕಿಂತ ಎಷ್ಟೋ ಕಡಿಮೆ.

ಸಿಗರೇಟ್ ಸೇದುವವರು ನಿಲ್ಲಿಸಲೇಬೇಕು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ, ಗಾಯಕ್ಕೆ ಸಾಕಷ್ಟು ರಕ್ತ ಹೋಗುವುದಿಲ್ಲ.

ಕೆಲವರು ಮೊದಲೇ ಟ್ರೆಟಿನಾಯಿನ್, ಹೈಡ್ರೋಕ್ವಿನೋನ್ ಕ್ರೀಮ್ ಬರೆದುಕೊಡುತ್ತಾರೆ, ಮುಂದೆ ಕಪ್ಪಾಗದಿರಲಿ ಎಂದು. ಮೊದಲೇ ಹಚ್ಚಿದರೆ ಕಪ್ಪಾಗುವುದು ಖಂಡಿತ ತಪ್ಪುತ್ತದೆ ಎಂದೇನಿಲ್ಲ. ಕೊಟ್ಟರೆ ಹಚ್ಚಿ, ಎಂದಿಗೆ ನಿಲ್ಲಿಸಬೇಕು ಎಂದೂ ಕೇಳಿಕೊಳ್ಳಿ. ಕೊನೆಯ ವಾರದಲ್ಲಿ ಸ್ಕ್ರಬ್, ವ್ಯಾಕ್ಸಿಂಗ್, ಬ್ಲೀಚ್ ಬೇಡ.

ಮನೆಯಲ್ಲಿ ತಂದಿಡಬೇಕಾದ್ದು: ವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿ ದೊಡ್ಡ ಡಬ್ಬಿ, ವಾಸನೆಯಿಲ್ಲದ ಮೃದು ಕ್ಲೆನ್ಸರ್, ಮೆತ್ತನೆ ಹತ್ತಿಬಟ್ಟೆ ಒಂದಷ್ಟು, ಒಂದು ಹೆಚ್ಚುವರಿ ದಿಂಬು, ಹಾಳಾದರೂ ಪರವಾಗಿಲ್ಲ ಅನ್ನುವ ದಿಂಬಿನ ಚೀಲಗಳು. ಮುಂದೆ ಗುಂಡಿ ಇರುವ ಅಂಗಿ ಹಾಕಿಕೊಂಡು ಹೋಗಿ. ವಾಪಸ್ ಬಂದು ಟೀ ಶರ್ಟನ್ನು ಹಸಿ ಮುಖದ ಮೇಲಿಂದ ಎಳೆಯುವಾಗ ಈ ಮಾತು ನೆನಪಾಗಬಾರದು.

ಹಂತ 7: ಆ ದಿನ

ಮುಖ ತೊಳೆದು, ಮರಗಟ್ಟಿಸುವ ಮುಲಾಮು ಹಚ್ಚಿ ಸುಮಾರು ಒಂದು ಗಂಟೆ ಬಿಡುತ್ತಾರೆ. ಇದನ್ನು ಮನೆಯಲ್ಲೇ ದಪ್ಪಗೆ ಬಳಿದುಕೊಂಡು, ಮೇಲೆ ಪ್ಲಾಸ್ಟಿಕ್ ಸುತ್ತಿಕೊಂಡು ಹೋಗುವ ಜಾಣತನ ಬೇಡ. ಅದರಲ್ಲಿರುವ ಲಿಡೊಕೇನ್ ಜಾಸ್ತಿ ಹೀರಿಕೊಂಡರೆ ಫಿಟ್ಸ್ ಬರಬಹುದು, ಹೃದಯದ ಬಡಿತ ತಪ್ಪಬಹುದು. ಆಳದ ಅಬ್ಲೇಟಿವ್‌ಗೆ ನೋವಿನ ನರವನ್ನು ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ, ಇಲ್ಲವೇ ಮಂಪರು ಬರಿಸುತ್ತಾರೆ.

ಕಣ್ಣಿಗೆ ರಕ್ಷಣೆ ಕಡ್ಡಾಯ. ರೆಪ್ಪೆಯ ಹತ್ತಿರ ಮಾಡುವುದಾದರೆ ಕಣ್ಣಿನೊಳಗೆ ಲೋಹದ ಚಿಪ್ಪು ಇಡುತ್ತಾರೆ. ಸ್ಪಿರಿಟ್ ಒರೆಸಿದ್ದರೆ ಅದು ಪೂರ್ತಿ ಆರಿರಬೇಕು, ಬೆಂಕಿ ಹತ್ತುವ ಅಪಾಯ ನಿಜವಾದದ್ದು. ಅಬ್ಲೇಟಿವ್ ಮಾಡುವಾಗ ಹೊಗೆ ಏಳುತ್ತದೆ. ಅದನ್ನು ಎಳೆದುಕೊಳ್ಳುವ ಕೊಳವೆ ಮುಖದ ಪಕ್ಕದಲ್ಲೇ ಗುಂಯ್‌ಗುಡುತ್ತಿರುತ್ತದೆ. ಕೂದಲು ಸುಟ್ಟ ವಾಸನೆ ಬಂದರೆ ಗಾಬರಿ ಬೇಡ. ಬಿಸಿ ಸೂಜಿಮೊನೆಗಳು ಪಟಪಟನೆ ತಾಗಿದ ಹಾಗಿರುತ್ತದೆ. ಮೂಳೆಗೆ ಹತ್ತಿರದ ಜಾಗ, ಮೇಲ್ದುಟಿ, ಇವೆರಡು ಕಡೆ ಜಾಸ್ತಿ. ಇಡೀ ಮುಖಕ್ಕೆ ಅರ್ಧ ಗಂಟೆಯಿಂದ ಎರಡು ಗಂಟೆ. ಮುಗಿದಮೇಲೆ, ಕಡುಬಿಸಿಲಲ್ಲಿ ದಿನವಿಡೀ ನಿಂತು ಬಂದ ಹಾಗೆ, ಒಂದೆರಡು ಗಂಟೆ ಉರಿ. ಗಾಡಿ ಓಡಿಸಲು ಬೇರೆಯವರು ಇರಲಿ.

ಹಂತ 8: ಮುಂದಿನ ಹತ್ತು ದಿನ

ನಿಜವಾದ ಕೆಲಸ ಇಲ್ಲಿದೆ.

ನಾನ್ ಅಬ್ಲೇಟಿವ್ ಆದವರಿಗೆ ಹಗುರ. ಎರಡು ಮೂರು ದಿನ ಕೆಂಪು, ಊತ. ಆಮೇಲೆ ಕಾಫಿಪುಡಿ ಉದುರಿಸಿದಂಥ ಕಂದು ಚುಕ್ಕೆಗಳು ಮೇಲೆ ಬಂದು, ಚರ್ಮ ಒರಟಾಗಿ, ವಾರದೊಳಗೆ ಹೊಟ್ಟು ಹೊಟ್ಟಾಗಿ ಉದುರುತ್ತದೆ. ಮೃದುವಾಗಿ ತೊಳೆದು, ತೇವದ ಕ್ರೀಮ್, ಸನ್‌ಸ್ಕ್ರೀನ್ ಹಚ್ಚಿದರೆ ಸಾಕು.

ಅಬ್ಲೇಟಿವ್ ಆದವರ ಕಥೆ ಬೇರೆ.

ಮೊದಲ ದಿನ ಮುಖದಿಂದ ತಿಳಿಹಳದಿ ನೀರು ಸೋರುತ್ತದೆ. ಅದು ಕೀವಲ್ಲ. ಎರಡನೇ, ಮೂರನೇ ದಿನಕ್ಕೆ ಊತ ತುದಿ ಮುಟ್ಟುತ್ತದೆ. ಬೆಳಿಗ್ಗೆ ಎದ್ದಾಗ ಕಣ್ಣು ತೆರೆಯುವುದೇ ಕಷ್ಟ ಅನ್ನಿಸಬಹುದು. ಎರಡು ದಿಂಬು ಇಟ್ಟು ತಲೆ ಎತ್ತರದಲ್ಲಿ ಮಲಗಿದರೆ ಕಡಿಮೆ. ಬಟ್ಟೆ ಸುತ್ತಿದ ಐಸನ್ನು ಹತ್ತು ನಿಮಿಷ ಇಟ್ಟು ತೆಗೆಯಿರಿ.

ತೊಳೆಯುವ ರೀತಿ ಹೀಗೆ. ಕೈ ಸೋಪಿನಿಂದ ಚೆನ್ನಾಗಿ ತೊಳೆದುಕೊಳ್ಳಿ. ತಣ್ಣನೆ ನೀರಿನಲ್ಲಿ ಬಟ್ಟೆ ಅದ್ದಿ, ತೊಟ್ಟಿಕ್ಕುವಷ್ಟು ಒದ್ದೆ ಇರುವಾಗಲೇ ಮುಖದ ಮೇಲೆ ಹಾಸಿ. ಐದರಿಂದ ಹತ್ತು ನಿಮಿಷ ಹಾಗೇ ಬಿಡಿ. ಕೆಲವರು ಎರಡು ಕಪ್ ನೀರಿಗೆ ಒಂದು ಟೀ ಚಮಚ ಬಿಳಿ ವಿನೆಗರ್ ಬೆರೆಸಲು ಹೇಳುತ್ತಾರೆ. ಹೇಳಿದರೆ ಮಾತ್ರ ಬೆರೆಸಿ, ಅಳತೆ ಮೀರಬೇಡಿ. ಗಟ್ಟಿಯಾದದ್ದು ನೆನೆದು ಸಡಿಲಾಗುತ್ತದೆ. ಬಟ್ಟೆಯನ್ನು ಎಳೆಯಬೇಡಿ, ಎತ್ತಿ. ಸಡಿಲಾದದ್ದು ಬಟ್ಟೆ ಜೊತೆ ಬರುತ್ತದೆ. ಬಾರದಿದ್ದದ್ದು ಇನ್ನೂ ಬರುವ ಹೊತ್ತಾಗಿಲ್ಲ. ಒರೆಸದೆ, ಒತ್ತಿ ತೇವ ತೆಗೆದು, ತಕ್ಷಣ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಮುಖ ಯಾವಾಗಲೂ ಮಿರಮಿರ ಹೊಳೆಯುತ್ತಿರಬೇಕು. ದಿನಕ್ಕೆ ನಾಲ್ಕು ಸಲ, ಬೇಕಾದರೆ ಇನ್ನೂ ಜಾಸ್ತಿ.

"ಗಾಯ ಒಣಗಲಿ, ಗಾಳಿ ಆಡಲಿ" ಎಂಬ ಹಿರಿಯರ ಮಾತು ಇಲ್ಲಿ ಉಲ್ಟಾ. ಒಣಗಿದರೆ ಹಕ್ಕಳೆ ಕಟ್ಟುತ್ತದೆ. ಹೊಸ ಜೀವಕೋಶಗಳು ಅದರ ಅಡಿಯಲ್ಲಿ ದಾರಿ ಹುಡುಕಿ ತೆವಳಬೇಕು. ತೇವ ಇದ್ದರೆ ನೇರ ಜಾರಿ ಬರುತ್ತವೆ. ಹಕ್ಕಳೆ ಕಿತ್ತರಂತೂ ಹೊಸ ಪದರವೇ ಕಿತ್ತು ಬರುತ್ತದೆ, ಗುರುತು ಉಳಿಯುತ್ತದೆ. ನವೆ ತಡೆಯಲಾಗದಿದ್ದರೆ ತಂಪು ಬಟ್ಟೆ ಇಡಿ, ನವೆ ತಡೆಯುವ ಮಾತ್ರೆ ಕೇಳಿ. ಉಗುರು ಮೊದಲೇ ಕತ್ತರಿಸಿಡಿ, ನಿದ್ದೆಯಲ್ಲಿ ಕೈ ನಮ್ಮ ಮಾತು ಕೇಳುವುದಿಲ್ಲ.

ಅರಿಶಿನ, ಲೋಳೆಸರ, ಜೇನುತುಪ್ಪ, ವಿಟಮಿನ್ ಸಿ ಸೀರಮ್ ಯಾವುದೂ ಬೇಡ. ನಿಯೋಮೈಸಿನ್ ಇರುವ ಆಂಟಿಬಯಾಟಿಕ್ ಮುಲಾಮು ಕೂಡ ಬೇಡ, ಹಸಿ ಚರ್ಮ ಅದಕ್ಕೆ ಅಲರ್ಜಿಯಾಗಿ ಕೆರಳುವುದುಂಟು.

ಫ್ರ್ಯಾಕ್ಷನಲ್ ಆದರೆ ಐದರಿಂದ ಏಳು ದಿನಕ್ಕೆ, ಪೂರ್ತಿ ಕಾರ್ಬನ್ ಡೈಆಕ್ಸೈಡ್ ಆದರೆ ಏಳರಿಂದ ಹತ್ತು ದಿನಕ್ಕೆ ಹೊಸ ಪದರ ಮುಚ್ಚಿಕೊಳ್ಳುತ್ತದೆ. ಸೋರುವುದು ಪೂರ್ತಿ ನಿಂತು, ಮುಟ್ಟಿದರೆ ಒಣ ನಯ ಸಿಕ್ಕರೆ ಮುಚ್ಚಿದೆ ಎಂದರ್ಥ. ಅಲ್ಲಿವರೆಗೆ ಮೇಕಪ್ ಇಲ್ಲ, ಈಜು ಇಲ್ಲ, ಬೆವರುವ ವ್ಯಾಯಾಮ ಇಲ್ಲ.

ಹಂತ 9: ಯಾವಾಗ ಫೋನ್ ಮಾಡಬೇಕು

ನೆನಪಿಡಬೇಕಾದ್ದು ಒಂದೇ: ದಿನದಿಂದ ದಿನಕ್ಕೆ ನೋವು ಇಳಿಯಬೇಕು. ಇಳಿದ ನೋವು ಮತ್ತೆ ಏರಿದರೆ ಅದೇ ದಿನ ಫೋನ್ ಮಾಡಿ. ಹಳದಿ ಹಸಿರು ಕೀವು, ಜ್ವರ, ಒಂದೇ ಕಡೆ ಜಾಸ್ತಿಯಾಗುವ ಕೆಂಪು ಇದ್ದರೆ ಬ್ಯಾಕ್ಟೀರಿಯಾ ಸೋಂಕು ಇರಬಹುದು. ಹರ್ಪಿಸ್ ಹಸಿ ಮುಖದಲ್ಲಿ ನೀರುಗುಳ್ಳೆಯಾಗಿ ಕಾಣದೇ ಇರಬಹುದು. ಗುಳ್ಳೆ ಕಟ್ಟಲು ಅಲ್ಲಿ ಮೇಲ್ಪದರವೇ ಇಲ್ಲವಲ್ಲ! ಸಣ್ಣ ಸಣ್ಣ ಗುಂಡನೆ ಹುಣ್ಣು, ತಡೆಯಲಾರದ ಉರಿ, ಇಷ್ಟೇ ಸುಳಿವು. ವಿಪರೀತ ನವೆ, ಬಿಳಿ ಚುಕ್ಕೆಗಳ ಜೊತೆ ಕೆಂಪು ಹರಡಿದರೆ ಶಿಲೀಂಧ್ರದ ಸೋಂಕು ಇರಬಹುದು. ಕಣ್ಣಿನ ಕೆಳರೆಪ್ಪೆ ಹೊರಕ್ಕೆ ತಿರುಗಿದ ಹಾಗೆ ಕಂಡರೆ ಅದನ್ನೂ ತೋರಿಸಿ. ಒಂದು ಜಾಗ ಮಾತ್ರ ವಾರಗಳಾದರೂ ಗಾಢ ಕೆಂಪಾಗಿ, ಮುಟ್ಟಿದರೆ ಗಟ್ಟಿಯಾಗಿ ಸಿಕ್ಕರೆ ಗುರುತು ಕಟ್ಟುವ ಲಕ್ಷಣ. ಬೇಗ ತೋರಿಸಿದರೆ ತಡೆಯಲು ದಾರಿಗಳಿವೆ.

ರವೆಕಾಳಿನಂಥ ಬಿಳಿ ಗುಳ್ಳೆ, ಮೊಡವೆ ಏಳುವುದು ಸಾಮಾನ್ಯ. ಜೆಲ್ಲಿ ಕಡಿಮೆ ಮಾಡುತ್ತ ಬಂದ ಹಾಗೆ ಬಹಳಷ್ಟು ಹೋಗುತ್ತವೆ.

ಹಂತ 10: ಕೆಂಪು ಇಳಿಯುವ ತಿಂಗಳುಗಳು

ಫ್ರ್ಯಾಕ್ಷನಲ್ ಅಬ್ಲೇಟಿವ್ ಆದ ಮುಖ ಕೆಲವು ವಾರ ನಸುಗೆಂಪಾಗಿರುತ್ತದೆ. ಪೂರ್ತಿ ಕಾರ್ಬನ್ ಡೈಆಕ್ಸೈಡ್ ಆದದ್ದು ಮೂರರಿಂದ ಆರು ತಿಂಗಳು. ಹಸಿರು ಛಾಯೆಯ ಕನ್ಸೀಲರ್ ಕೆಂಪನ್ನು ಮರೆಮಾಚುತ್ತದೆ.

ಪದರ ಮುಚ್ಚಿದ ದಿನದಿಂದಲೇ ಸನ್‌ಸ್ಕ್ರೀನ್. ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವಂಥದ್ದು ಹೊಸ ಚರ್ಮಕ್ಕೆ ಉರಿ ಕಡಿಮೆ. ಕಂದು ಚರ್ಮದವರು ಬಣ್ಣ ಬೆರೆತ ಸನ್‌ಸ್ಕ್ರೀನ್ ಆರಿಸಿ. ಅದರಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ. ಕಪ್ಪಾಗಿಸುವುದರಲ್ಲಿ ಆ ಬೆಳಕಿನ ಕೈಯೂ ಇದೆ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಅಗಲ ಅಂಚಿನ ಟೋಪಿ ಇರಲಿ. ಮನೆಯೊಳಗೆ, ಕಾರಿನೊಳಗೆ ಕಿಟಕಿ ಪಕ್ಕ ಕೂರುವವರಿಗೂ ಇದು ಬೇಕು. ಆ ಟ್ರಕ್ ಚಾಲಕರ ಎಡಗೆನ್ನೆ ನೆನಪಿದೆಯಲ್ಲ.

ಮೂರ್ನಾಲ್ಕು ವಾರಕ್ಕೆ ಕಪ್ಪು ಮೂಡಿದರೆ ಗಾಬರಿಯಾಗಿ ಇನ್ನೊಂದು ಲೇಸರ್‌ಗೆ ಓಡಬೇಡಿ. ಬಿಸಿಲು ತಪ್ಪಿಸಿ, ಡಾಕ್ಟರ್ ಕೊಟ್ಟ ಕ್ರೀಮ್ ಹಚ್ಚಿದರೆ ಸಾಮಾನ್ಯವಾಗಿ ತಿಂಗಳುಗಳಲ್ಲಿ ತಿಳಿಯಾಗುತ್ತದೆ. ಇದಕ್ಕೆ ವಿರುದ್ಧದ್ದೂ ಒಂದಿದೆ. ಪೂರ್ತಿ ಕಾರ್ಬನ್ ಡೈಆಕ್ಸೈಡ್ ಆದ ಕೆಲವರಿಗೆ ಆರು ತಿಂಗಳೋ ವರ್ಷವೋ ಕಳೆದ ಮೇಲೆ ಚರ್ಮ ಬಿಳಚಿಕೊಳ್ಳುತ್ತದೆ. ಅದು ಹಾಗೇ ಉಳಿದುಬಿಡಬಹುದು. ಒಪ್ಪಿಗೆಗೆ ಸಹಿ ಹಾಕುವ ಮೊದಲು ಈ ಸಾಲನ್ನು ಎರಡು ಸಲ ಓದಿ.

ಟ್ರೆಟಿನಾಯಿನ್ ಥರದ ಕ್ರೀಮ್‌ಗಳನ್ನು ಯಾವಾಗ ಮತ್ತೆ ಶುರುಮಾಡಬೇಕು ಎಂದು ಕೇಳಿ ಶುರುಮಾಡಿ. ಸಾಮಾನ್ಯವಾಗಿ ಕೆಲವು ವಾರ ಬಿಟ್ಟು.

ಫಲ ಯಾವಾಗ ನೋಡಬೇಕು? ಎರಡನೇ ವಾರದಲ್ಲಿ ಮುಖ ತುಂಬಿಕೊಂಡು, ಗೆರೆ ಎಲ್ಲ ಹೋದ ಹಾಗೆ ಕಾಣುತ್ತದೆ. ಅದರಲ್ಲಿ ಅರ್ಧ ಊತ. ಊತ ಇಳಿದು ಗೆರೆ ಮತ್ತೆ ಕಂಡಾಗ "ಹಣ ದಂಡ" ಅನ್ನಿಸುವುದು ಸಹಜ. ಒಳಗೆ ಕಾಲಜನ್ ಕಟ್ಟುವ ಕೆಲಸ ಆಗಿನ್ನೂ ಶುರುವಾಗಿರುತ್ತದೆ, ಮೂರರಿಂದ ಆರು ತಿಂಗಳು ನಡೆಯುತ್ತದೆ. ಸಣ್ಣ ಗೆರೆ ಬಹಳಷ್ಟು ಹೋಗುತ್ತವೆ, ಆಳದವು ಮೆದುವಾಗುತ್ತವೆ, ಪೂರ್ತಿ ಅಳಿಯುವುದಿಲ್ಲ.

ಆರು ತಿಂಗಳಾದ ಮೇಲೆ ಅದೇ ಕಿಟಕಿ ಪಕ್ಕ, ಅದೇ ಹೊತ್ತಿಗೆ, ಮುಖ ತೊಳೆದು ಕೂತು ಮತ್ತೆ ಮೂರು ಫೋಟೋ ತೆಗೆಯಿರಿ. ಹಳೆಯದರ ಪಕ್ಕ ಇಟ್ಟು ನೋಡಿ. ಇನ್ನೊಂದು ಸಲ ಮಾಡಿಸಬೇಕೋ ಬೇಡವೋ ಎಂಬ ಮಾತನ್ನು ಆ ಆರು ಫೋಟೋ ಹಿಡಿದುಕೊಂಡು ಡಾಕ್ಟರ ಹತ್ತಿರ ಆಡಿ.